ಹೊಸ ನೀರಿಗೆ ಮೀನುಮರಿ: ಮಾಡಬೇಕಾದ್ದು, ಮಾಡಬಾರದ್ದು



ರೋಹಿಣಿ ಮಳೆ ಹನಿಯುವ ಹೊತ್ತಿಗೆ ನೀವು ಬೀಜ ಯಾವುದು, ಗೊಬ್ಬರ ಎಷ್ಟು ಎಂದು ಲೆಕ್ಕ ಹಾಕಲು ಕೂರುತ್ತೀರಿ. ಹೊಲಕ್ಕಿರುವಂತೆ ನೀರಿಗೂ ಒಂದು ಬಿತ್ತನೆಯ ಕಾಲವಿದೆ. ಕೆರೆ, ಕಟ್ಟೆ, ಕೃಷಿಹೊಂಡಗಳಿಗೆ ಹೊಸ ನೀರು ಬರುವ ಕಾಲವೇ ಮೀನಿನ ಹಂಗಾಮಿನ ಆರಂಭ. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಆಗಬಾರದೆಂದರೆ ತಯಾರಿ ಈಗಲೇ ಆಗಬೇಕು.

ಮೊದಲು ಒಂದು ಪ್ರಶ್ನೆ. ಹೋದ ವರ್ಷ ಬಿಟ್ಟ ಮೀನು ಕೆರೆಯಲ್ಲಿ ತಾನೇ ಮರಿ ಹಾಕುವುದಿಲ್ಲವೆ? ಮತ್ತೆ ಏಕೆ ಮರಿ ಕೊಳ್ಳಬೇಕು? ಸಾಮಾನ್ಯ ಗೆಂಡೆ ನಿಂತ ನೀರಿನಲ್ಲಿಯೇ ಜೊಂಡು, ಪಾಚಿಗೆ ಮೊಟ್ಟೆ ಅಂಟಿಸುತ್ತದೆ, ನಿಜ. ಆದರೆ ಕಾಟ್ಲ, ರೋಹು, ಮೃಗಾಲ್ ಹಾಗಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆಯೇ ಬೇಕು. ಹಿಂದೆ ಹೊಳೆಯಲ್ಲಿ ಸೋಸಿ ಹಿಡಿದ ಮರಿಯೇ ಗತಿಯಾಗಿತ್ತು. 1957ರ ಜುಲೈ 10ರಂದು ಒರಿಸ್ಸಾದ ಅಂಗುಲದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ, ಮೀನಿನ ಮಿದುಳ ಕೆಳಗಿರುವ ಸಣ್ಣ ಗ್ರಂಥಿಯ ರಸವನ್ನು ಚುಚ್ಚುಮದ್ದಾಗಿ ಕೊಟ್ಟು ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ಈಗ ದೇಶವೆಲ್ಲ ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ. ಇಂದು ನಿಮ್ಮ ಕೈಗೆ ಬರುವ ಮರಿ ಆ ವಿದ್ಯೆಯ ಫಲ. ಬೆಂಗಳೂರಿನ ಶೇಷಾದ್ರಿಪುರಂಗೆ ಹೆಸರು ಕೊಟ್ಟ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ನಗರಕ್ಕೆ ಹೆಸರಘಟ್ಟದ ಕೆರೆಯಿಂದ ಕುಡಿಯುವ ನೀರು ಬಂತು. ಅದೇ ಹೆಸರಘಟ್ಟದಲ್ಲಿ ಈಗ ಕೇಂದ್ರ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ.

ಟ್ರೌಟ್ ಮೀನು ಬಿಡೋಣವೆ ಎಂದು ಕೆಲವರು ಕೇಳುವುದುಂಟು. ಅದು ತಣ್ಣೀರಿನ ಮೀನು. ನೀಲಗಿರಿಯ ಹಳ್ಳಗಳಲ್ಲಿ ಬದುಕೀತು, ನಮ್ಮ ಬಯಲುಸೀಮೆಯ ಬಿಸಿಲಿಗೆ ತಾಳದು. ನಮಗೆ ಗೆಂಡೆಗಳೇ ಸರಿ.

ಇನ್ನು ಕೆಲಸದ ಮಾತು. ಹತ್ತು ಗುಂಟೆಯ ಒಂದು ಮಣ್ಣಿನ ಹೊಂಡ ನಿಮ್ಮದಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ನಾಲ್ಕೈದು ಅಡಿ ನೀರು ಎಂಟು ಹತ್ತು ತಿಂಗಳಾದರೂ ನಿಲ್ಲಬೇಕು. ನಿಲ್ಲದಿದ್ದರೆ ಮರಿ ಬಿಟ್ಟು ಹಣ ಕಳೆಯಬೇಡಿ. ಈಗಲೇ ಉಳಿದ ನೀರು ತೆಗೆದು, ತಳ ಬಿರುಕು ಬಿಡುವವರೆಗೆ ಒಣಗಿಸಿ. ಕೊರವ, ಬಾಳೆಯಂಥ ಬೇಟೆ ಮೀನು ಒಂದು ಉಳಿದರೂ ನಿಮ್ಮ ಮರಿಗಳು ಅದರ ಊಟವಾಗುತ್ತವೆ. ಬಳಿಕ 25 ಕೆ.ಜಿ. ಸುಣ್ಣ ಎರಚಿ. ಒಂದು ವಾರ ಬಿಟ್ಟು ಒಂದು ಗಾಡಿ, ಎಂದರೆ ಸುಮಾರು 500 ಕೆ.ಜಿ. ಸಗಣಿ ಗೊಬ್ಬರ ಹಾಕಿ ನೀರು ಬಿಡಿ. ಕೆಲವು ದಿನಕ್ಕೆ ನೀರು ತಿಳಿಹಸಿರಾಗುತ್ತದೆ. ಮೊಣಕೈವರೆಗೆ ಕೈ ಇಳಿಸಿ ನೋಡಿ. ಬೆರಳ ತುದಿ ಮಸುಕಾಗಿ ಮರೆಯಾದರೆ ಮೀನಿನ ಮೇವು ಹದವಾಗಿದೆ. ಮೊದಲೇ ಮರೆಯಾದರೆ ಗೊಬ್ಬರ ಹೆಚ್ಚಾಯಿತು, ನಿಲ್ಲಿಸಿ.

ಈ ಹೊಂಡಕ್ಕೆ 500 ಮರಿ ಸಾಕು: ಕಾಟ್ಲ 200, ರೋಹು 150, ಮೃಗಾಲ್ ಅಥವಾ ಸಾಮಾನ್ಯ ಗೆಂಡೆ 150. ಕಾಟ್ಲ ಮೇಲೆ ಮೇಯುತ್ತದೆ, ರೋಹು ನಡುವೆ, ಉಳಿದವು ತಳದಲ್ಲಿ. ಒಂದೇ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು ಬೇರೆ ಬೇರೆ ತಟ್ಟೆಯಲ್ಲಿ ಉಂಡ ಹಾಗೆ, ಜಗಳವಿಲ್ಲ. ಅಗ್ಗವೆಂದು ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ತರಬೇಡಿ. ಬೆರಳುದ್ದಕ್ಕೆ ಬೆಳೆದದ್ದೇ ಬದುಕುತ್ತದೆ. ಮರಿಯ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ಹೊಂಡದ ನೀರಿನ ಮೇಲೆ ತೇಲಬಿಡಿ. ಆಮೇಲೆ ಬಾಯಿ ಬಿಚ್ಚಿ ಸ್ವಲ್ಪ ಸ್ವಲ್ಪ ಹೊಂಡದ ನೀರು ಸೇರಿಸಿ. ಮರಿಗಳು ತಾವೇ ಈಜಿ ಹೊರಗೆ ಹೋಗಲಿ. ಸುರಿಯಬೇಡಿ.

ಮೇವಿಗೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ. ಮೀನಿನ ತೂಕದ ನೂರಕ್ಕೆ ಎರಡು ಭಾಗ ಸಾಕು. 400 ಮೀನು ಬದುಕಿ ತಲಾ 100 ಗ್ರಾಂ ಆಗಿದ್ದರೆ ಒಟ್ಟು 40 ಕೆ.ಜಿ.; ದಿನಕ್ಕೆ ಮೇವು 800 ಗ್ರಾಂ. ತಾಯಂದಿರೆ, ಈ ಕೆಲಸ ಬಹುಪಾಲು ನಿಮ್ಮ ಕೈಯಲ್ಲೇ ನಡೆಯುತ್ತದೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಹಸಿವೆಂದು ಮೇವು ಹಾಕೀರಿ ಜೋಕೆ! ಅದು ಉಸಿರುಗಟ್ಟಿದ ಗುರುತು. ಮೇವು, ಗೊಬ್ಬರ ನಿಲ್ಲಿಸಿ, ಹೊಸ ನೀರು ಎತ್ತರದಿಂದ ಬೀಳಿಸಿ. ಹಾಗೆಯೇ ಹೊಂಡದ ಸುತ್ತ ಬೇಲಿ ಕಟ್ಟಿಸಿ, ಹತ್ತಲು ಒಂದು ಹಗ್ಗ ಇಳಿಬಿಡಿ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಬಿದ್ದ ಮಗುವಿಗೆ ಕಾಲೂರಲು ಹಿಡಿತ ಸಿಗದು.

ಇನ್ನು ಕಾಯಿದೆಯ ಮಾತು. ಮದ್ದುಗುಂಡು ಸಿಡಿಸಿ, ವಿಷ ಬೆರೆಸಿ ಮೀನು ಕೊಲ್ಲುವುದು 1897ರ ಭಾರತ ಮೀನುಗಾರಿಕೆ ಕಾಯಿದೆಯಿಂದಲೇ ಅಪರಾಧ. ಬಲೆಯ ಕಣ್ಣಿನ ಅಳತೆ, ಹಿಡಿಯಬಾರದ ದಿನಗಳು, ಇವುಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನೂ ಅದು ಸರ್ಕಾರಕ್ಕೆ ಕೊಟ್ಟಿತು. ನಮ್ಮ ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಹೆಸರಿನ ಪ್ರತ್ಯೇಕ ಕಾಯಿದೆ 2003ರಲ್ಲಿ ಬಂತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿತು. ಅದು ನೆರೆ ನೀರಲ್ಲಿ ಕೆರೆಗೆ ತಪ್ಪಿಸಿಕೊಂಡರೆ ನಾಡಮೀನುಗಳನ್ನೆಲ್ಲ ನುಂಗುತ್ತದೆ. ಬೇಗ ಬೆಳೆಯುತ್ತದೆಂದು ಯಾರಾದರೂ ಮರಿ ತಂದುಕೊಟ್ಟರೆ ಬೇಡವೆನ್ನಿ. ಅನುಕೂಲದ ಬದಲಾವಣೆಯೂ ಇದೆ. 2018-19ರಿಂದ ಮೀನು ಸಾಕುವವರಿಗೂ ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲ ದೊರೆಯುತ್ತದೆ. ಊರ ಕೆರೆ ನಿಮ್ಮ ಸ್ವಂತದ ಹೊಂಡವಲ್ಲ, ನೆನಪಿರಲಿ. ಗುತ್ತಿಗೆ ಯಾರದು, ಈ ವರ್ಷ ನಿಷೇಧ ಯಾವ ದಿನದಿಂದ ಎಂಬುದನ್ನು ಪಂಚಾಯಿತಿಯಲ್ಲಿ, ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿಯೇ ಬಲೆ ಇಳಿಸಿ.

ಹೊಸ ನೀರಿಗೆ ಮೀನು ಕೋಡಿಯಲ್ಲಿ, ಗದ್ದೆಯ ತೂಬಿನಲ್ಲಿ ಹತ್ತುವಾಗ ಕೂಳಿ ಒಡ್ಡಿ ಹಿಡಿಯುವುದು ಹಳೆಯ ರೂಢಿ. ಆದರೆ ಆ ಹತ್ತುಮೀನಿನ ಹೊಟ್ಟೆಯಲ್ಲಿರುವುದು ಮುಂದಿನ ವರ್ಷದ ಮೀನು. ಬಿತ್ತನೆಯ ಬೀಜವನ್ನೇ ಬೇಯಿಸಿ ಉಂಡವನಿಗೆ ಸುಗ್ಗಿ ಎಲ್ಲಿಯದು?

ವಿಷದ ಮಾತಿಗೆ ದೂರ ಹೋಗಬೇಕಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲೆಯ ಮಡುವಿನ ಮೀನುಗಳನ್ನು ದೇವರ ಮೀನೆಂದು ಜನ ಅಕ್ಕಿ ಹಾಕಿ ಸಾಕಿದ್ದರು. 1996ರಲ್ಲಿ ಆ ನೀರಿಗೆ ವಿಷ ಬಿತ್ತು. ಸಾವಿರಾರು ಮೀನು ಸತ್ತು ತೇಲಿದವು. ಸತ್ತ ಮೀನುಗಳಿಗಾಗಿ ಅಲ್ಲಿ ಸ್ಮಾರಕವನ್ನೇ ನಿಲ್ಲಿಸಿದ್ದಾರೆ. ನಮ್ಮ ಕೆರೆಗೂ ವಿಷ ಬಿದ್ದರೆ ಸಾಯುವುದು ಮೀನೊಂದೇ ಅಲ್ಲ. ದನ ಕುಡಿಯುವ ನೀರೂ ಅದೇ. ಗುತ್ತಿಗೆಗೆ ಸಾಲ ಮಾಡಿದ ಮೀನುಗಾರನ ಮನೆಯ ಒಲೆಯೂ ಅದನ್ನೇ ನಂಬಿದೆ.

ಹೊಂಡ ಒಣಗಿಸುವ ಕೆಲಸ ಈ ವಾರವೇ ಶುರುವಾಗಲಿ. ಮರಿ ಬೇಕೆಂದು ಕಚೇರಿಯಲ್ಲಿ ಹೆಸರು ಬರೆಸಿ. ಮೃಗಶಿರ, ಆರಿದ್ರ ಕೈಕೊಡದೆ ಸುರಿಯಲಿ, ನಿಮ್ಮ ಹೊಲವೂ ಹೊಂಡವೂ ತುಂಬಲಿ.