ಪ್ರಾಗಿತಿಹಾಸ ಎಂಬ ಮಾತು

‘ಇತಿ ಹ ಆಸ’, ಎಂದರೆ ‘ಹೀಗೆಯೇ ಇದ್ದಿತು’ ಎಂಬ ಮೂರು ಸಣ್ಣ ಮಾತುಗಳು ಕೂಡಿ ‘ಇತಿಹಾಸ’ವಾಯಿತು. ಹಾಗಾದರೆ ‘ಪ್ರಾಗಿತಿಹಾಸ’ವೆಂದರೇನು? ‘ಇದ್ದಿತು’ ಎನ್ನುವುದಕ್ಕೂ ಹಿಂದಿನದು ಎಂದು ಬಿಡಿಸಿದರೆ, ಏನೂ ಇಲ್ಲದಿದ್ದ ಕಾಲವೆಂಬ ಅಪಾರ್ಥಕ್ಕೆ ಎಡೆಯಾದೀತು. ವಿದ್ವಾಂಸರ ಅಭಿಪ್ರಾಯ ಅದಲ್ಲ. ಬರೆಹದ ಆಧಾರ ದೊರೆಯುವುದಕ್ಕೆ ಮುಂಚಿನ ಮಾನವಜೀವನವನ್ನು ಅವರು ಹಾಗೆ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ‘ಪ್ರೀಹಿಸ್ಟಾರಿಕ್’ ಎಂಬ ಶಬ್ದವನ್ನು ರೂಢಿಗೆ ತಂದವನು ಡೇನಿಯಲ್ ವಿಲ್ಸನ್. 1851ರಲ್ಲಿ ಪ್ರಕಟವಾದ, ಸ್ಕಾಟ್ಲೆಂಡಿನ ಪ್ರಾಚೀನ ಅವಶೇಷಗಳನ್ನು ಕುರಿತ ತನ್ನ ಗ್ರಂಥದಲ್ಲಿ. ನಾವು ‘ಪ್ರಾಗಿತಿಹಾಸ’ ಎಂದೂ ‘ಇತಿಹಾಸಪೂರ್ವ’ ಎಂದೂ ಹೇಳುತ್ತೇವೆ.

ಈ ಮಾತಿಗೆ ಎಲ್ಲೆಡೆಗೂ ಸಲ್ಲುವ ಒಂದು ಇಸವಿಯಿಲ್ಲ. ಈಜಿಪ್ಟಿನಲ್ಲಿ ಐದು ಸಾವಿರ ವರ್ಷಗಳ ಹಿಂದೆಯೇ ಬರೆಹವಿದ್ದಿತು. ಕರ್ನಾಟಕದಲ್ಲಿ ನಮಗೆ ಓದಲು ದೊರೆತಿರುವ ಅತಿ ಹಳೆಯ ಬರೆಹಗಳೆಂದರೆ ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಶಾಸನಗಳು. ಸಿಂಧೂ ಕಣಿವೆಯದು ಇನ್ನೊಂದು ಬಗೆ. ಅಲ್ಲಿ ಲಿಪಿಯುಂಟು, ಎಲ್ಲರೂ ಒಪ್ಪಿದ ಓದಿಲ್ಲ. ಅಂಥದನ್ನು ‘ಆದ್ಯ ಇತಿಹಾಸ’ವೆಂದು ಬೇರೆಯಾಗಿ ಎಣಿಸುತ್ತಾರೆ.

ಈ ಗಡಿಯನ್ನು ಕಣ್ಣಾರೆ ಕಾಣಬೇಕಾದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಬೇಕು. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿಯ ಬಂಡೆಯ ಮೇಲಿದೆ. ತಾಯಿತಂದೆಗಳ ಮಾತು ಕೇಳಿ ನಡೆಯಬೇಕೆಂದು ಅದು ವಿಧಿಸುತ್ತದೆ. ಬರೆದವನು ಚಪಡನೆಂಬ ಲಿಪಿಕಾರ. 1947ರಲ್ಲಿ ಮಾರ್ಟಿಮರ್ ವೀಲರ್ ಆ ಬೆಟ್ಟದ ತಪ್ಪಲನ್ನು ಅಗೆಸಿದಾಗ, ಶಾಸನಕ್ಕಿಂತ ಬಹಳ ಹಿಂದಿನ ಜನವಸತಿ ಕಾಣಿಸಿಕೊಂಡಿತು. ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಕೈಯಿಂದಲೇ ತಿದ್ದಿದ ಮಡಕೆಗಳು ದೊರೆತವು. ಮಡಕೆಗಳಲ್ಲಿಟ್ಟು ಹೂಳಿದ ಎಳೆಯ ಶಿಶುಗಳ ಎಲುಬುಗಳೂ ದೊರೆತವು. ಆ ಕೂಸುಗಳ ಹೆಸರು ನಮಗೆ ತಿಳಿಯದು, ಅವರಾಡಿದ ಭಾಷೆಯೂ ತಿಳಿಯದು. ಆದರೂ ಸತ್ತ ಮಗುವನ್ನು ಜೋಪಾನವಾಗಿ ಮಣ್ಣಿಗೆ ಒಪ್ಪಿಸಿದ ಹಿರಿಯರು ಅಲ್ಲಿದ್ದರೆಂಬುದಕ್ಕೆ ಬೇರೆ ಬರೆಹ ಬೇಕೆ?

ಆದುದರಿಂದ ಈ ಶಬ್ದವನ್ನು ಎಚ್ಚರದಿಂದ ಬಳಸಬೇಕು. ಬರೆಹವಿಲ್ಲದ ಬುಡಕಟ್ಟಿನ ಜನರನ್ನು ‘ಪ್ರಾಗೈತಿಹಾಸಿಕ’ರೆನ್ನುವವರು ಈಗಲೂ ಇದ್ದಾರೆ. ನಮ್ಮೊಡನೆ ಇದೇ ಕಾಲದಲ್ಲಿ ಬಾಳುತ್ತಿರುವವರು ಇತಿಹಾಸಕ್ಕೆ ಹಿಂದಿನವರಾಗುವುದು ಹೇಗೆ? ಅವರ ನೆನಪು ಹಾಡಿನಲ್ಲಿದೆ, ಕಥೆಯಲ್ಲಿದೆ. ಅದನ್ನು ಕೇಳಿಸಿಕೊಳ್ಳದೆ ಇತಿಹಾಸವಿಲ್ಲವೆಂದರೆ ಆ ಕೊರತೆ ನಮ್ಮದು.