ದಸರೆಯ ಧೂಮಕೇತು: 80 ಸಾವಿರ ವರ್ಷದ ಲೆಕ್ಕ ಎಷ್ಟು ಗಟ್ಟಿ?

2024ರ ಅಕ್ಟೋಬರ್ 12, ವಿಜಯದಶಮಿ. ಊರವರು ಬನ್ನಿ ಹಂಚಿಕೊಂಡ ಆ ದಿನವೇ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಸುಮಾರು 7 ಕೋಟಿ ಕಿ.ಮೀ. ದೂರದಲ್ಲಿ ಭೂಮಿಯನ್ನು ಹಾದುಹೋಯಿತು. ನಮ್ಮ ಬೀದರ್ ಜಿಲ್ಲೆಯ ಘಾಟಬೋರಾಳದ ಕಡೆ ಅದು ಸೋಯಾ ರಾಶಿಯ ಕಾಲ. ಮೋಡವಿಲ್ಲದ ಸಂಜೆ ಪಡುವಣ ದಿಕ್ಕಿಗೆ ಮುಖ ಮಾಡಿ ನಿಂತವರಿಗೆ ಮುಂದಿನ ಕೆಲವು ದಿನ ಅದರ ಬಾಲ ಕಾಣುವಂತಿತ್ತು. ಸುದ್ದಿಯಲ್ಲಂತೂ ಅದು ‘80 ಸಾವಿರ ವರ್ಷಕ್ಕೊಮ್ಮೆ ಬರುವ ಅತಿಥಿ’. ಈ 80 ಸಾವಿರ ಬಂದದ್ದೆಲ್ಲಿಂದ?

ಧೂಮಕೇತುವಿನ ಒಂದು ಫೋಟೊದಿಂದ ಸಿಗುವುದು ಎರಡು ಕೋನ ಮಾತ್ರ, ದೂರ ಸಿಗುವುದಿಲ್ಲ. ಕಕ್ಷೆಯನ್ನು ಹೇಳಲು ಬೇಕಾದ ಸಂಖ್ಯೆಗಳು 6. ಎಂದರೆ ಬೇರೆ ಬೇರೆ ದಿನದ ಕನಿಷ್ಠ 3 ವೀಕ್ಷಣೆ ಬೇಕು. 1797ರಲ್ಲಿ ಜರ್ಮನಿಯ ವೈದ್ಯ ಓಲ್ಬರ್ಸ್ ಆ 6ರಲ್ಲಿ ಒಂದಾದ ಉತ್ಕೇಂದ್ರತೆಯನ್ನು (ಕಕ್ಷೆ ಎಷ್ಟು ಉದ್ದಕ್ಕೆ ಎಳೆದಂತಿದೆ ಎಂಬ ಅಳತೆಯನ್ನು) 1 ಎಂದೇ ಹಿಡಿದು, ಉಳಿದ 5ನ್ನು ಸುಲಭವಾಗಿ ಕಂಡುಕೊಳ್ಳುವ ದಾರಿ ತೋರಿಸಿದರು. ದೀರ್ಘಾವಧಿ ಧೂಮಕೇತುಗಳಿಗೆ ಇದು ಚೆನ್ನಾಗಿಯೇ ಒಗ್ಗುತ್ತದೆ. ಆದರೆ ಹಾಗೆ ಹಿಡಿದರೆ ಮರಳಿ ಬರುವ ವರ್ಷ ಸಿಗುವುದಿಲ್ಲ.

ತ್ಸುಚಿನ್‌ಶಾನ್-ಅಟ್ಲಾಸ್ ಮೊದಲು ಸಿಕ್ಕಿದ್ದು 2023ರ ಜನವರಿ 9ರಂದು, ಚೀನಾದಲ್ಲಿ. ಮತ್ತೆ ಯಾರೂ ನೋಡದ್ದರಿಂದ ಕೈತಪ್ಪಿತು. ಫೆಬ್ರವರಿ 22ಕ್ಕೆ ದಕ್ಷಿಣ ಆಫ್ರಿಕಾದ ಅಟ್ಲಾಸ್ ದೂರದರ್ಶಕಕ್ಕೆ ಸಿಕ್ಕಾಗ ಸೂರ್ಯನಿಂದ 7.3 ಖಗೋಳಮಾನ (ಒಂದು ಖಗೋಳಮಾನ ಎಂದರೆ ಭೂಮಿ-ಸೂರ್ಯರ ನಡುವಿನ ಸರಾಸರಿ ದೂರ) ದೂರದಲ್ಲಿತ್ತು. ಅಷ್ಟು ದೂರದಲ್ಲಿ ಒಂದು ವಿಕಲೆ (ಆರ್ಕ್‌ಸೆಕೆಂಡ್) ತಪ್ಪಿದರೆ 5 ಸಾವಿರ ಕಿ.ಮೀ. ತಪ್ಪಿದಂತೆ. ಅಷ್ಟಾದರೂ 2024ರ ಸೆಪ್ಟೆಂಬರ್ ಕೊನೆಗೆ ಸೂರ್ಯನ ಹತ್ತಿರ ಸುಳಿಯುತ್ತದೆಂದು ಹೇಳಿದ್ದು ನಿಜವಾಯಿತು. 27ನೇ ತಾರೀಖು ಅದು ಸೂರ್ಯನಿಂದ 0.39 ಖಗೋಳಮಾನದಲ್ಲಿತ್ತು.

ಅವಧಿಯ ಲೆಕ್ಕ ಅಷ್ಟು ಗಟ್ಟಿಯಲ್ಲ. ಇದೇ 0.39 ಇಟ್ಟುಕೊಂಡು ಉತ್ಕೇಂದ್ರತೆ 0.9997 ಎಂದರೆ ಒಂದು ಸುತ್ತಿಗೆ 47 ಸಾವಿರ ವರ್ಷ. 0.9998 ಎಂದರೆ 86 ಸಾವಿರ. 0.9999ಕ್ಕೆ ಎರಡೂವರೆ ಲಕ್ಷದ ಹತ್ತಿರ. 1 ಮುಟ್ಟಿದರೆ ಮರಳಿ ಬರುವ ಮಾತೇ ಇಲ್ಲ. ಸೂರ್ಯನ ಸಮೀಪದ ಕಕ್ಷೆಗೆ ಕೊನೆಗೆ ನಿಂತ ಉತ್ಕೇಂದ್ರತೆ ಸುಮಾರು 1.0001!

ವೇಗದಲ್ಲಿ ನೋಡಿದರೆ ಇನ್ನೂ ಮೋಜು. ಪುರರವಿಯಲ್ಲಿ, ಎಂದರೆ ಸೂರ್ಯನಿಗೆ ಅತಿ ಸಮೀಪದ ಬಿಂದುವಿನಲ್ಲಿ, ಅದರ ಓಟ ಸೆಕೆಂಡಿಗೆ ಸುಮಾರು 67 ಕಿ.ಮೀ. 80 ಸಾವಿರ ವರ್ಷಕ್ಕೆ ಮರಳುವುದಕ್ಕೂ ಎಂದೂ ಮರಳದಿರುವುದಕ್ಕೂ ಅಂತರ ಸೆಕೆಂಡಿಗೆ ಮೂರೂವರೆ ಮೀಟರ್, ಹೊಲಕ್ಕೆ ಸೈಕಲ್ ತುಳಿಯುವ ವೇಗ. ಗ್ರಹಗಳ ಸೆಳೆತ ಇಷ್ಟು ವೇಗವನ್ನು ಕೂಡಿಸುತ್ತ ಕಳೆಯುತ್ತ ಇರುತ್ತದೆ. ಹೀಗಿರುವಾಗ ಅವಧಿಯನ್ನು ‘80,660’ ವರ್ಷ ಎಂದು ಬಿಡಿ ಸ್ಥಾನದವರೆಗೆ ಅಚ್ಚು ಹಾಕುವುದು ಶುದ್ಧ ಅತಿ.

ಮೊಬೈಲಿನಲ್ಲಿ ಚಿತ್ರ ತೆಗೆದವರಿಗೂ ಒಂದು ಮಾತು: ದಿನಕ್ಕೆ 3 ಡಿಗ್ರಿ ಸರಿಯುವ ಧೂಮಕೇತುವಿನ ಸಮಯವನ್ನು ಒಂದು ನಿಮಿಷ ತಪ್ಪಾಗಿ ಬರೆದರೆ 7.5 ವಿಕಲೆ ಹೋಯಿತು.

ಅವಧಿಯ ಇಂಥದೇ ಲೆಕ್ಕಕ್ಕೆ ನಮ್ಮ ಕಡೆಯ ಹಳೆಯ ನಂಟೂ ಇದೆ. ನಮ್ಮ ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹಾರ್ವರ್ಡ್‌ಗೆ ಹೋಗಿದ್ದ ವೈನು ಬಾಪ್ಪು 1949ರ ಜುಲೈ 2ರಂದು ಒಂದು ಧೂಮಕೇತು ಕಂಡುಹಿಡಿದರು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು ಅವರೇ. ಹಾರ್ವರ್ಡ್‌ನ ಬೋಕ್ ಮತ್ತು ನ್ಯೂಕಿರ್ಕ್ ಜೊತೆಗೂಡಿ ಅವರು ಆ ಧೂಮಕೇತುವಿಗೆ ಹಾಕಿದ ಅವಧಿ 60 ಸಾವಿರ ವರ್ಷ. ಆ ಧೂಮಕೇತು ಸೂರ್ಯನಿಗೆ ಅತಿ ಸಮೀಪ ಬಂದಾಗಲೂ 2 ಖಗೋಳಮಾನದಾಚೆಯೇ ಇತ್ತು. ಆ ದೂರಕ್ಕೆ 60 ಸಾವಿರ ಎಂದರೆ ಉತ್ಕೇಂದ್ರತೆ 0.9987ರ ಆಸುಪಾಸು. ಅದು 0.9990 ಆಗಿದ್ದರೆ ಅವಧಿ 90 ಸಾವಿರ ದಾಟುತ್ತಿತ್ತು.