ಸೋತ ತಂಡ ಮತ್ತೆ ಏಳುವ ಬಗೆ: ಶಿಕಾಗೊ ವೈಟ್ ಸಾಕ್ಸ್

2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡ ಆಡಿದ 162 ಪಂದ್ಯಗಳಲ್ಲಿ 121ನ್ನು ಸೋತಿತು. 1900ರಿಂದೀಚೆಗೆ ಒಂದೇ ಋತುವಿನಲ್ಲಿ ಇಷ್ಟು ಸೋತ ತಂಡ ಇನ್ನೊಂದಿಲ್ಲ. 1962ರ ನ್ಯೂಯಾರ್ಕ್ ಮೆಟ್ಸ್ ತಂಡದ 120 ಸೋಲುಗಳ ದಾಖಲೆಯೂ ಹಿಂದೆ ಬಿತ್ತು. 2005ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡ ಇದೇ. ಋತು ಮುಗಿದ ಮೇಲೆ ಅದು ಮಾಡಿದ ಒಂದು ದೊಡ್ಡ ಕೆಲಸವೆಂದರೆ ತನ್ನ ಅತ್ಯುತ್ತಮ ಪಿಚರ್ ಗ್ಯಾರೆಟ್ ಕ್ರೋಶೆಯನ್ನು ಬಾಸ್ಟನ್ ರೆಡ್ ಸಾಕ್ಸ್‌ಗೆ ಬಿಟ್ಟುಕೊಟ್ಟಿದ್ದು. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ವಿಚಿತ್ರವೆನಿಸುತ್ತದೆ. ಆದರೆ ಇದರ ಹಿಂದೆ ಒಂದು ಲೆಕ್ಕಾಚಾರವಿದೆ.

ಹರಾಜಿಲ್ಲದ ಲೀಗ್

ಐಪಿಎಲ್‌ನಲ್ಲಿ ಕೆಲವು ವರ್ಷಗಳಿಗೊಮ್ಮೆ ಮಹಾ ಹರಾಜು ನಡೆಯುತ್ತದೆ. ಕೆಲವರನ್ನಷ್ಟೇ ಉಳಿಸಿಕೊಂಡು ತಂಡವನ್ನು ಎರಡೇ ದಿನಗಳಲ್ಲಿ ಹೊಸದಾಗಿ ಕಟ್ಟಬಹುದು. ಬೇಸ್‌ಬಾಲ್‌ನಲ್ಲಿ ಆ ಅವಕಾಶವಿಲ್ಲ. ಆಟಗಾರನ ಮೊದಲ ಆರು ವರ್ಷಗಳ ಸೇವೆ ಅವನ ಹಕ್ಕು ಹೊಂದಿರುವ ತಂಡಕ್ಕೇ ಸೇರಿದ್ದು. ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ವೇತನದ ಆಸುಪಾಸು (2025ರಲ್ಲಿ 7,60,000 ಡಾಲರ್), ಮುಂದಿನ ಮೂರು ವರ್ಷ ಪಂಚಾಯಿತಿಯ ಮೂಲಕ ನಿರ್ಧಾರವಾಗುವ ವೇತನ. ಅನಂತರ ಅವನು ಸ್ವತಂತ್ರ. ಯಾರು ಹೆಚ್ಚು ಕೊಡುತ್ತಾರೋ ಅವರ ಬಳಿಗೆ ಹೋಗಬಹುದು.

ಕ್ರೋಶೆಗೆ ಉಳಿದಿದ್ದದ್ದು ಎರಡೇ ವರ್ಷ. ಅಷ್ಟರೊಳಗೆ ವೈಟ್ ಸಾಕ್ಸ್ ಗೆಲ್ಲುವ ತಂಡವಾಗುವುದು ಕಷ್ಟವಿತ್ತು. ಆದ್ದರಿಂದ ಅವನ ಬದಲಿಗೆ ಕ್ಯಾಚರ್ ಕೈಲ್ ಟೀಲ್, ಚೇಸ್ ಮೈಡ್ರಾತ್ ಸೇರಿ ನಾಲ್ವರು ಯುವಕರನ್ನು ಪಡೆಯಿತು. ಇನ್ನೊಂದು ಕಾರಣ ಹಣ. ಬಾಸ್ಟನ್ ಆಮೇಲೆ ಕ್ರೋಶೆಗೆ ಆರು ವರ್ಷಕ್ಕೆ 17 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ವೈಟ್ ಸಾಕ್ಸ್ ಅಲ್ಲಿಯವರೆಗೆ ಯಾರಿಗೂ 7.5 ಕೋಟಿಗಿಂತ ದೊಡ್ಡ ಒಪ್ಪಂದ ಕೊಟ್ಟಿರಲಿಲ್ಲ.

ಇದು ಎರಡನೇ ಸಲ

ಇದೇ ಯೋಜನೆಯನ್ನು ತಂಡ ಹಿಂದೆಯೂ ಹೂಡಿತ್ತು. 2016ರ ಡಿಸೆಂಬರ್‌ನಲ್ಲಿ ಕ್ರಿಸ್ ಸೇಲ್‌ನನ್ನು ಇದೇ ಬಾಸ್ಟನ್‌ಗೆ ಕೊಟ್ಟು ಯೋವಾನ್ ಮೊಂಕಾಡ, ಮೈಕೆಲ್ ಕೋಪೆಕ್ ಮುಂತಾದವರನ್ನು ತಂದಿತು. ಮರುವರ್ಷ ಹೋಸೆ ಕಿಂಟಾನಾನನ್ನು ನೆರೆಯ ಕಬ್ಸ್ ತಂಡಕ್ಕೆ ಕೊಟ್ಟು ಎಲಾಯ್ ಹಿಮೆನೆಸ್, ಡಿಲನ್ ಸೀಸ್‌ರನ್ನು ಪಡೆಯಿತು. 2018ರಲ್ಲಿ 100 ಪಂದ್ಯ ಸೋತರೂ 2021ರಲ್ಲಿ 93 ಗೆದ್ದು ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಆದರೆ ಪ್ಲೇಆಫ್‌ನಲ್ಲಿ ಒಂದು ಸರಣಿಯನ್ನೂ ಗೆಲ್ಲಲಿಲ್ಲ. 2023ರಲ್ಲಿ ಮತ್ತೆ 101 ಸೋಲು. ಅತ್ತ ಸೇಲ್ 2018ರಲ್ಲೇ ಬಾಸ್ಟನ್ ಜೊತೆ ವರ್ಲ್ಡ್ ಸೀರೀಸ್ ಗೆದ್ದಿದ್ದ.

ಎಡವಿದ್ದೆಲ್ಲಿ? ಪ್ರತಿಭೆಗೆ ಕೊರತೆ ಇರಲಿಲ್ಲ. ಹಿಮೆನೆಸ್, ಮೊಂಕಾಡ, ಲೂಯಿಸ್ ರಾಬರ್ಟ್ ಪದೇಪದೇ ಗಾಯಗೊಂಡಾಗ ಅವರ ಜಾಗದಲ್ಲಿ ಆಡಬಲ್ಲವರು ಇರಲಿಲ್ಲ. ಎರಡನೇ ಬೇಸ್, ಬಲ ಔಟ್‌ಫೀಲ್ಡ್‌ಗಳಂಥ ಜಾಗಗಳಿಗೆ ಗಟ್ಟಿ ಆಟಗಾರರನ್ನು ಸಕಾಲದಲ್ಲಿ ತರಲಿಲ್ಲ. ಒಳ್ಳೆಯವರನ್ನು ಕೊಟ್ಟು ಯುವಕರನ್ನು ತರುವುದು ಯೋಜನೆಯ ಸುಲಭದ ಅರ್ಧ. ಅವರ ಸುತ್ತ ತಂಡವೊಂದನ್ನು ಕಟ್ಟುವುದು ಕಷ್ಟದ ಅರ್ಧ. ಅದೇ ಅಪೂರ್ಣವಾಗಿ ಉಳಿಯಿತು.

ಈಗಿನ ಸ್ಥಿತಿ

2025ರಲ್ಲಿ ಗೆಲುವುಗಳು 41ರಿಂದ 60ಕ್ಕೆ ಏರಿದವು. ತಂಡವೇ ಡ್ರಾಫ್ಟ್‌ನಲ್ಲಿ ಆರಿಸಿ ಬೆಳೆಸಿದ ಶಾರ್ಟ್‌ಸ್ಟಾಪ್ ಕೋಲ್ಸನ್ ಮಾಂಟ್‌ಗಮರಿ 71 ಪಂದ್ಯಗಳಲ್ಲಿ 21 ಹೋಮ್ ರನ್ ಹೊಡೆದ. ಇನ್ನೂ ಕುತೂಹಲದ ಕತೆ ಪಿಚರ್ ಶೇನ್ ಸ್ಮಿತ್‌ನದು. ಬೇರೆ ತಂಡ ತನ್ನ 40 ಜನರ ಪಟ್ಟಿಗೆ ಸೇರಿಸದೆ ಬಿಟ್ಟ ಕೆಲವು ಆಟಗಾರರನ್ನು ‘ರೂಲ್ 5’ ಎಂಬ ನಿಯಮದಡಿ ಒಂದು ಲಕ್ಷ ಡಾಲರ್‌ಗೆ ಪಡೆಯಬಹುದು. ಆದರೆ ಇಡೀ ಋತು ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕು. ಗೆಲ್ಲುವ ಒತ್ತಡವಿರುವ ತಂಡಕ್ಕೆ ಅದು ಕಷ್ಟ, ಸೋಲುವ ತಂಡಕ್ಕೆ ಸುಲಭ. ಹಾಗೆ ಮಿಲ್ವಾಕಿಯಿಂದ ಬಂದ ಸ್ಮಿತ್ ಮೊದಲ ವರ್ಷವೇ ಆಲ್‌ಸ್ಟಾರ್ ತಂಡ ಸೇರಿದ.

ಡ್ರಾಫ್ಟ್ ಒಂದನ್ನೇ ನಂಬಿ ಕೂರುವಂತಿಲ್ಲ. ಬೇಕೆಂದೇ ಸೋಲುವುದನ್ನು ತಡೆಯಲು ಈಗ ಮೊದಲ ಆರು ಸ್ಥಾನಗಳಿಗೆ ಲಾಟರಿ ಇದೆ. ದೊಡ್ಡ ನಗರಗಳ ತಂಡಗಳಿಗೆ ಸತತ ಎರಡು ವರ್ಷ ಅದರಲ್ಲಿ ಪಾಲಿಲ್ಲ. ಹೀಗಾಗಿ 121 ಸೋತರೂ ವೈಟ್ ಸಾಕ್ಸ್‌ಗೆ 2025ರಲ್ಲಿ ಸಿಕ್ಕಿದ್ದು ಹತ್ತನೇ ಆಯ್ಕೆ.

ಮುಂದೇನು ಎಂದು ತಿಳಿಯಲು ಅಂಕಪಟ್ಟಿಗಿಂತ ಎರಡು ಸಂಗತಿಗಳನ್ನು ಗಮನಿಸಬೇಕು: ಮುಖ್ಯ ಆಟಗಾರ ಗಾಯಗೊಂಡಾಗ ಅವನ ಬದಲು ಬರುವವನು ಯಾರು, ಟೀಲ್, ಮಾಂಟ್‌ಗಮರಿ ಬೆಳೆದು ನಿಂತಾಗ ಅವರನ್ನು ಉಳಿಸಿಕೊಳ್ಳಲು ಮಾಲೀಕರು ಹಣ ಬಿಚ್ಚುತ್ತಾರೋ ಇಲ್ಲವೋ. ಬಿಚ್ಚದಿದ್ದರೆ ಇನ್ನು ಕೆಲವೇ ವರ್ಷಗಳಲ್ಲಿ ನಮ್ಮ ಮಕ್ಕಳು ಇಂಥದೇ ಮೂರನೆಯ ಪುನರ್ರಚನೆಯನ್ನು ನೋಡಬೇಕಾದೀತು.